ನೆಟ್‌ಹ್ಯಾಕ್‌ನಲ್ಲಿ ಮೊದಲ ಹತ್ತು ಲೆವೆಲ್ ಸಾಯದೆ ಆಡುವುದು ಹೇಗೆ: ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಮಳೆಗಾಲ ಶುರುವಾಯಿತು ಅಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರಿಂದ ಒಂದೇ ಥರದ ಮೆಸೇಜ್ ಬರುತ್ತದೆ. "ಅಣ್ಣಾ, ಮತ್ತೆ ಸತ್ತೆ. ಎಂತ ಆಟ ಮಾರಾಯ್ರೆ ಇದು?" ಜೊತೆಗೆ ಪಾತ್ರ ಸತ್ತಾಗ ಆಟ ತೋರಿಸುವ ಗೋರಿಕಲ್ಲಿನ ಸ್ಕ್ರೀನ್‌ಶಾಟ್. ಅವರು ಹೇಳುವುದು ನೆಟ್‌ಹ್ಯಾಕ್ ಬಗ್ಗೆ, ರಾಕ್ಷಸರಿರುವ ಗುಹೆಯಲ್ಲಿ ಒಂದೊಂದೇ ಲೆವೆಲ್ ಕೆಳಗಿಳಿಯುತ್ತಾ ಆಡುವ ಕಂಪ್ಯೂಟರ್ ಆಟ. ನೂರು ಸಾವು ನೋಡಿದರೂ ಕಾರಣ ಮಾತ್ರ ಅವೇ ಏಳೆಂಟು. ತೇಲುವ ಕಣ್ಣಿಗೆ ಕತ್ತಿ ಬೀಸಿದ್ದು, ಗಣಿಯಲ್ಲಿ ಡ್ವಾರ್ಫ್ (ಗಣಿ ಅಗೆಯುವ ಕುಳ್ಳ) ಕೈಗೆ ಸಿಕ್ಕಿದ್ದು, ಹಳಸಿದ ಹೆಣ ತಿಂದದ್ದು, ಸಾಯುವ ಹೊತ್ತಿಗೆ ಪ್ರಾರ್ಥನೆ ಮರೆತದ್ದು. ಇವೆಲ್ಲ ತಪ್ಪಿಸಬಹುದಾದ ಸಾವುಗಳು.

ಒಂದು ವಿಷಯ ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿಯಿತು. ಈ ಆಟದಲ್ಲಿ ಗಡಿಯಾರ ಓಡುವುದಿಲ್ಲ. ನೀವು ಕೀ ಒತ್ತುವವರೆಗೆ ರಾಕ್ಷಸ ಒಂದು ಹೆಜ್ಜೆಯೂ ಇಡುವುದಿಲ್ಲ. ಎದುರಿಗೆ ಸಾವು ನಿಂತಿದ್ದರೂ ನೀವು ಎದ್ದು ಹೋಗಿ ಕಾಫಿ ಕುಡಿದು ಬಂದು ಯೋಚಿಸಬಹುದು. ಹೊಸಬರು ಸಾಯುವುದು ಶಕ್ತಿ ಸಾಲದೆ ಅಲ್ಲ, ಬಾಣದ ಕೀಯನ್ನು ಪಟಪಟ ಒತ್ತಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಓದಿ. ಕ್ರಮ ತಪ್ಪಿಸಿ ಗಣಿಯ ಭಾಗಕ್ಕೆ ನೇರವಾಗಿ ಹಾರಿದವರೇ ಮತ್ತೆ ಸ್ಕ್ರೀನ್‌ಶಾಟ್ ಕಳಿಸುವುದು.

ಇಲ್ಲಿ ಹೇಳಿರುವುದು ಆಟದ 3.6 ಆವೃತ್ತಿಗಳ ಸರಣಿಗೆ, ಅಂದರೆ 2023ರಲ್ಲಿ ಬಂದ 3.6.7ಕ್ಕೂ ಸೇರಿ. ಕೀಗಳ ಬಗ್ಗೆ ಒಂದು ಮಾತು: "ಸಣ್ಣ ಎಸ್" ಅಂದರೆ ಶಿಫ್ಟ್ ಇಲ್ಲದೆ, "ದೊಡ್ಡ ಎಸ್" ಅಂದರೆ ಶಿಫ್ಟ್ ಒತ್ತಿಕೊಂಡು. ಎರಡೂ ಬೇರೆ ಬೇರೆ ಆಜ್ಞೆಗಳು. ಕ್ಯಾಪ್ಸ್ ಲಾಕ್ ಆನ್ ಇಟ್ಟುಕೊಂಡು ಆಡಬೇಡಿ.

## ಹಂತ 1: ಆಡುವ ಮೊದಲು ಮಾಡಿಕೊಳ್ಳಬೇಕಾದ ತಯಾರಿ

ಆಟ ಉಚಿತ, ಫೈಲ್ ಕೆಲವೇ ಎಂಬಿ, ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ಆಗುಂಬೆ ಮಳೆಗೆ ಟವರ್ ಸತ್ತರೂ ನಡೆಯುತ್ತದೆ. ವಿಂಡೋಸ್‌ನಲ್ಲಿ ಎರಡು ರೂಪ ಸಿಗುತ್ತವೆ, ಒಂದು ಚಿತ್ರದ್ದು, ಇನ್ನೊಂದು ಬರೀ ಅಕ್ಷರದ್ದು. ನನ್ನ ಸಲಹೆ ಅಕ್ಷರದ್ದು. ಮೊದಲ ಎರಡು ದಿನ ಕಷ್ಟ ಅನಿಸುತ್ತದೆ, ಆಮೇಲೆ ಅಕ್ಷರ ಮತ್ತು ಬಣ್ಣ ನೋಡಿದ ತಕ್ಷಣ ಯಾವ ಪ್ರಾಣಿ ಅಂತ ಗೊತ್ತಾಗುತ್ತದೆ. ಎಲ್ಲ ಸಹಾಯ ಪುಟಗಳೂ ಅಕ್ಷರದ ಲೆಕ್ಕದಲ್ಲೇ ಮಾತಾಡುತ್ತವೆ.

ಆಟ ತೆರೆದ ಕೂಡಲೇ ದೊಡ್ಡ ಒ ಒತ್ತಿ. ಆಯ್ಕೆಗಳ ಪಟ್ಟಿ ಬರುತ್ತದೆ. ಅದರಲ್ಲಿ ಟೈಮ್ ಅನ್ನುವುದನ್ನು ಆನ್ ಮಾಡಿ. ಈಗ ಪರದೆಯ ಕೆಳಗೆ ಟಿ ಅಕ್ಷರದ ಪಕ್ಕದಲ್ಲಿ ಟರ್ನ್ ಸಂಖ್ಯೆ, ಅಂದರೆ ಆಟದಲ್ಲಿ ಎಷ್ಟು ಸರದಿ ಕಳೆದಿದೆ ಅನ್ನುವುದು ಕಾಣುತ್ತದೆ. ಇದು ಅಲಂಕಾರಕ್ಕಲ್ಲ. ಪ್ರಾರ್ಥನೆ ಮಾಡಬಹುದೋ ಬೇಡವೋ, ಹೆಣ ತಿನ್ನಬಹುದೋ ಬೇಡವೋ ಅನ್ನುವುದೆಲ್ಲ ಆ ಸಂಖ್ಯೆಯ ಮೇಲೆ ನಿಂತಿದೆ. ಆಮೇಲೆ @ ಒತ್ತಿ ತಾನಾಗಿ ವಸ್ತು ಎತ್ತಿಕೊಳ್ಳುವುದನ್ನು ಆಫ್ ಮಾಡಿ. ಕಂಡದ್ದೆಲ್ಲ ಬ್ಯಾಗಿಗೆ ಸೇರಿದರೆ ಭಾರ ಹೆಚ್ಚಾಗಿ "ಬರ್ಡನ್ಡ್" ಅಂತ ಬರುತ್ತದೆ, ನಡಿಗೆ ನಿಧಾನವಾಗುತ್ತದೆ, ರಾಕ್ಷಸರಿಗೆ ನಿಮ್ಮ ಮೇಲೆ ಹೆಚ್ಚುವರಿ ಏಟು ಸಿಗುತ್ತದೆ.

ಸಣ್ಣ ಲ್ಯಾಪ್‌ಟಾಪ್‌ನಲ್ಲಿ ಬಲಗಡೆಯ ನಂಬರ್ ಪ್ಯಾಡ್ ಇರುವುದಿಲ್ಲ. ಹಾಗಿದ್ದರೆ ಎಚ್ ಎಡಕ್ಕೆ, ಜೆ ಕೆಳಕ್ಕೆ, ಕೆ ಮೇಲಕ್ಕೆ, ಎಲ್ ಬಲಕ್ಕೆ, ವೈ ಯು ಬಿ ಎನ್ ನಾಲ್ಕು ಮೂಲೆಗಳಿಗೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿ. ಮೂಲೆಗೆ ಚಲಿಸಲು ಬಾರದವರು ಓಡಿಹೋಗುವಾಗ ಒಂದು ಹೆಜ್ಜೆಗೆ ಎರಡು ಹೆಜ್ಜೆ ಹಾಕುತ್ತಾರೆ, ಅಲ್ಲೇ ಸಾಯುತ್ತಾರೆ.

ಕರೆಂಟ್ ವಿಷಯ ನಮ್ಮ ಕಡೆಯವರಿಗೆ ಮುಖ್ಯ. ದೊಡ್ಡ ಎಸ್ ಒತ್ತಿದರೆ ಆಟ ಸೇವ್ ಆಗಿ ಮುಚ್ಚುತ್ತದೆ. ಮತ್ತೆ ತೆರೆದಾಗ ಆ ಸೇವ್ ಫೈಲ್ ಅಳಿಸಿಹೋಗುತ್ತದೆ, ಅಂದರೆ ಸತ್ತ ಮೇಲೆ ಹಿಂದಕ್ಕೆ ಹೋಗುವ ದಾರಿ ಇಲ್ಲ. ಗುಡುಗು ಜೋರಾದಾಗ, ಬ್ಯಾಟರಿ ಕೆಟ್ಟ ಲ್ಯಾಪ್‌ಟಾಪ್ ಆಗಿದ್ದರೆ, ಕಾಯಬೇಡಿ, ಸೇವ್ ಮಾಡಿ. ಕರೆಂಟ್ ಹೋಗಿಯೇ ಬಿಟ್ಟರೂ ಗಾಬರಿ ಬೇಡ. ಆಟದ ಫೋಲ್ಡರ್‌ನಲ್ಲೇ ರಿಕವರ್ ಅನ್ನುವ ಸಣ್ಣ ಪ್ರೋಗ್ರಾಂ ಇರುತ್ತದೆ. ಕೊನೆಯ ಸಲ ಲೆವೆಲ್ ಬದಲಿಸಿದ ಜಾಗದಿಂದ ಆಟವನ್ನು ಅದು ಸಾಮಾನ್ಯವಾಗಿ ಎತ್ತಿ ಕೊಡುತ್ತದೆ. ಅದನ್ನು ಓಡಿಸುವ ಮೊದಲು ಹೊಸ ಆಟ ಶುರು ಮಾಡಬೇಡಿ.

## ಹಂತ 2: ಪಾತ್ರ ಆರಿಸುವುದು

ಹದಿಮೂರು ಪಾತ್ರಗಳಿವೆ. ಹೊಸಬರಿಗೆ ಒಂದೇ ಉತ್ತರ: ಡ್ವಾರ್ಫ್ ಜನಾಂಗದ ವಾಲ್ಕಿರಿ, ಅಂದರೆ ಯೋಧ ಹೆಣ್ಣು. ಆಟವೇ ಆರಿಸಲಾ ಅಂತ ಕೇಳಿದಾಗ ಬೇಡ ಅನ್ನಿ, ವಾಲ್ಕಿರಿ ಆರಿಸಿ, ಜನಾಂಗ ಕೇಳಿದಾಗ ಡ್ವಾರ್ಫ್ ಆರಿಸಿ.

ಕಾರಣಗಳು ಗಟ್ಟಿಯಾಗಿವೆ. ಕೈಯಲ್ಲಿ ಒಳ್ಳೆಯ ಉದ್ದ ಕತ್ತಿ ಇರುತ್ತದೆ, ಗುರಾಣಿ ಇರುತ್ತದೆ, ಎಚ್‌ಪಿ (ಜೀವದ ಅಂಕ, ಸೊನ್ನೆಯಾದರೆ ಸಾವು) ಜಾಸ್ತಿ, ಚಳಿಯ ದಾಳಿ ತಾಗುವುದಿಲ್ಲ, ಸದ್ದಿಲ್ಲದೆ ನಡೆಯುತ್ತಾಳೆ. ಡ್ವಾರ್ಫ್ ಆದ್ದರಿಂದ ಕತ್ತಲಲ್ಲಿ ಬಿಸಿರಕ್ತದ ಪ್ರಾಣಿಗಳು ಕಾಣುತ್ತವೆ. ಎಲ್ಲಕ್ಕಿಂತ ದೊಡ್ಡ ಲಾಭ ಏನೆಂದರೆ ಗಣಿಯ ನೋಮ್‌ಗಳು (ಇವರೂ ಕುಳ್ಳ ಜೀವಿಗಳು), ಡ್ವಾರ್ಫ್‌ಗಳು ಹೆಚ್ಚಿನವರು ನಿಮ್ಮ ತಂಟೆಗೆ ಬರುವುದಿಲ್ಲ. ಹೊಸಬರನ್ನು ಜಾಸ್ತಿ ಕೊಲ್ಲುವ ಜಾಗವೇ ನಿಮಗೆ ಸುರಕ್ಷಿತ ಆಗುತ್ತದೆ.

ಟೂರಿಸ್ಟ್, ಆರ್ಕಿಯಾಲಜಿಸ್ಟ್, ಹೀಲರ್, ವಿಜರ್ಡ್ ಇವುಗಳನ್ನು ಈಗ ಮುಟ್ಟಬೇಡಿ. ವಿಜರ್ಡ್ ಹೆಸರು ಕೇಳಿ ಆಸೆಯಾಗುವುದು ಸಹಜ, ಆದರೆ ಎಚ್‌ಪಿ ಬಹಳ ಕಡಿಮೆ. ವಾಲ್ಕಿರಿ ಬೇಜಾರಾದರೆ ಸಮುರಾಯ್ ಆಡಿ, ಆದರೆ ಅವನು ಮನುಷ್ಯ, ಗಣಿ ಅವನಿಗೆ ಶತ್ರುಗಳ ಗೂಡು ಅನ್ನುವುದು ನೆನಪಿರಲಿ.

## ಹಂತ 3: ಹೊಡೆಯುವ ಮೊದಲು ನೋಡುವುದು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ತಾಳ್ಮೆ ಇದ್ದರೆ ಇದನ್ನು ಓದಿ.

ಸೆಮಿಕೋಲನ್ ಕೀ ಒತ್ತಿ, ಕರ್ಸರನ್ನು ಪರದೆಯ ಮೇಲಿನ ಯಾವುದೇ ಅಕ್ಷರದ ಮೇಲೆ ಇಟ್ಟು ಚುಕ್ಕೆ ಒತ್ತಿದರೆ ಅದು ಏನು ಅಂತ ಆಟವೇ ಹೇಳುತ್ತದೆ. ಇದಕ್ಕೆ ಟರ್ನ್ ಖರ್ಚಾಗುವುದಿಲ್ಲ. ಮೊದಲ ಸಲ ಕಾಣುವ ಪ್ರತಿಯೊಂದು ಅಕ್ಷರಕ್ಕೂ, ಅಥವಾ ಅಕ್ಷರ ಹಳೆಯದಾಗಿ ಬಣ್ಣ ಹೊಸದಾಗಿದ್ದರೂ, ಇದನ್ನು ಮಾಡಿ. ಹೆಸರಿನ ಹಿಂದೆ "ಪೀಸ್‌ಫುಲ್" ಅಂತ ಬಂದರೆ ಅದು ಶತ್ರು ಅಲ್ಲ. ಅಂಥವರಿಗೆ ನುಗ್ಗಿದರೆ "ರಿಯಲಿ ಅಟ್ಯಾಕ್" ಅಂತ ಆಟ ಕೇಳುತ್ತದೆ. ಆಗ ಎಸ್ಕೇಪ್ ಒತ್ತಿ. ಸುಮ್ನೆ ವೈ ಒತ್ತಿ ಕೊಂದರೆ ಆಟ ಕಾಣಿಸದೆ ಇಟ್ಟುಕೊಳ್ಳುವ ನಿಮ್ಮ ಅದೃಷ್ಟದ ಅಂಕ ಒಮ್ಮೆಗೆ 5 ಇಳಿಯಬಹುದು, ಅದೃಷ್ಟ ಸೊನ್ನೆಗಿಂತ ಕೆಳಗಿದ್ದರೆ ಯಾವ ಪ್ರಾರ್ಥನೆಯೂ ಫಲಿಸುವುದಿಲ್ಲ.

ಕೈಯಿಂದ ಹೊಡೆಯಲೇಬಾರದ ಕೆಲವು ಇವೆ.

ನೀಲಿ ಬಣ್ಣದ ಸಣ್ಣ ಇ ಅಂದರೆ ಫ್ಲೋಟಿಂಗ್ ಐ. ಅದು ತಾನಾಗಿ ಏನೂ ಮಾಡುವುದಿಲ್ಲ, ನಿಧಾನವಾಗಿ ತೇಲುತ್ತದೆ. ನೀವು ಹತ್ತಿರದಿಂದ ಹೊಡೆದರೆ ಅದರ ನೋಟಕ್ಕೆ ಮರಗಟ್ಟುತ್ತೀರಿ, ಕೆಲವೊಮ್ಮೆ ನೂರಕ್ಕೂ ಜಾಸ್ತಿ ಟರ್ನ್. ಅಷ್ಟರಲ್ಲಿ ಒಂದು ಇಲಿ ಬಂದರೂ ನಿಮ್ಮನ್ನು ತಿಂದು ಮುಗಿಸುತ್ತದೆ. ದಾರಿ ಬಿಟ್ಟು ಸುತ್ತಿಹೋಗಿ. ಇಕ್ಕಟ್ಟಾದ ಕಾರಿಡಾರ್‌ನಲ್ಲಿ ಓಡುವ ಕೀ ಒತ್ತಿ ಹೋಗುವಾಗಲೇ ಜನ ಇದಕ್ಕೆ ಡಿಕ್ಕಿ ಹೊಡೆಯುವುದು. ದೂರದಿಂದ ಕಠಾರಿ ಎಸೆದು ಕೊಂದರೆ ತೊಂದರೆ ಇಲ್ಲ, ಅದರ ಹೆಣ ತಿಂದರೆ ದೂರದ ಮನಸ್ಸುಗಳನ್ನು ಗ್ರಹಿಸುವ ಶಕ್ತಿಯೂ ಬರುತ್ತದೆ.

ಬೂದು ಬಣ್ಣದ ಸಣ್ಣ ಇ ಗ್ಯಾಸ್ ಸ್ಪೋರ್. ಕೊಂದರೆ ಸಿಡಿಯುತ್ತದೆ, ಪಕ್ಕದಲ್ಲಿದ್ದವರಿಗೆಲ್ಲ ಏಟು. ಶುರುವಿನ ಎಚ್‌ಪಿಯಲ್ಲಿ ಒಂದೇ ಸಿಡಿತಕ್ಕೆ ಆಟ ಮುಗಿಯಬಹುದು. ಇದನ್ನೂ ದೂರದಿಂದಲೇ.

ದೊಡ್ಡ ಎಫ್ ಅಂದರೆ ಶಿಲೀಂಧ್ರಗಳು. ಅವು ಇದ್ದಲ್ಲಿಂದ ಹೆಚ್ಚುಕಡಿಮೆ ಕದಲುವುದೇ ಇಲ್ಲ. ಹೆಸರಿನಲ್ಲಿ ಮೋಲ್ಡ್ ಅಂತ ಇದ್ದರೆ ಮುಟ್ಟಿದವರಿಗೇ ಪೆಟ್ಟು, ಆದ್ದರಿಂದ ಬಿಟ್ಟುಬಿಡಿ. ಲೈಕೆನ್ ಅಂತ ಇದ್ದರೆ ಕೊಲ್ಲಿ. ಅದು ಕಾಡಿನ ಇಂಬಳದ ಹಾಗೆ ಅಂಟಿಕೊಳ್ಳುತ್ತದೆ, ಆದರೆ ಏಟು ಇಲ್ಲವೇ ಇಲ್ಲ ಅನ್ನುವಷ್ಟು. ಅದರ ಹೆಣ ಎಂದೂ ಕೆಡುವುದಿಲ್ಲ, ಬ್ಯಾಗಿಗೆ ಹಾಕಿಕೊಳ್ಳಿ.

ಹಳದಿ ಸಣ್ಣ ಸಿ ಕಾಕಟ್ರೈಸ್, ಮುಟ್ಟಿದವರನ್ನು ಕಲ್ಲಾಗಿಸುವ ಪ್ರಾಣಿ. ಇದರ ಬಗ್ಗೆ ಕೊನೆಯ ಹಂತದಲ್ಲಿ ಹೇಳುತ್ತೇನೆ. ಸದ್ಯಕ್ಕೆ ಬರಿಗೈಯಲ್ಲಿ ಮುಟ್ಟಬೇಡಿ, ಒದೆಯಬೇಡಿ, ಹೆಣ ತಿನ್ನಬೇಡಿ, ಅಷ್ಟು ಸಾಕು.

## ಹಂತ 4: ಮೊದಲ ನಾಲ್ಕು ಲೆವೆಲ್ ನಡೆಯುವ ಕ್ರಮ

ಮೆಟ್ಟಿಲು ಕಂಡ ಕೂಡಲೇ ಇಳಿಯಬೇಡಿ. ಎಂಥ ರಾಕ್ಷಸ ಹುಟ್ಟುತ್ತದೆ ಅನ್ನುವುದು ನೀವು ಇರುವ ಆಳ ಮತ್ತು ನಿಮ್ಮ ಅನುಭವದ ಲೆವೆಲ್ (ಶತ್ರುಗಳನ್ನು ಕೊಂದಂತೆ ಏರುವ ಅಂಕ) ಎರಡರ ಮೇಲೂ ನಿಂತಿದೆ. ಅನುಭವ ಕಡಿಮೆ ಇಟ್ಟುಕೊಂಡು ಬೇಗ ಇಳಿದರೆ ನಿಮಗೆ ಮೀರಿದ ಪ್ರಾಣಿ ಸಿಗುತ್ತದೆ. 1ರಿಂದ 4ರವರೆಗೆ ಪ್ರತಿ ಲೆವೆಲ್‌ನ ಎಲ್ಲ ಕೋಣೆ ನೋಡಿ, ಚಿನ್ನ ಬಿಡದೆ ಎತ್ತಿ. ಆ ಚಿನ್ನಕ್ಕೆ ಮುಂದೆ ಕೆಲಸ ಇದೆ.

ದಾರಿ ಮುಚ್ಚಿಹೋದಂತೆ ಕಂಡರೆ ಕಾರಿಡಾರ್‌ನ ಕೊನೆಯಲ್ಲಿ ನಿಂತು ಸಣ್ಣ ಎಸ್ ಹತ್ತು ಹದಿನೈದು ಸಲ ಒತ್ತಿ ಹುಡುಕಿ. ಗುಪ್ತ ಬಾಗಿಲುಗಳು ಒಂದೇ ಸಲಕ್ಕೆ ಸಿಗುವುದಿಲ್ಲ. ನಕ್ಷೆಯಲ್ಲಿ ದೊಡ್ಡ ಖಾಲಿ ಜಾಗ ಎಲ್ಲಿದೆ ನೋಡಿ, ಅದರ ಪಕ್ಕದ ಗೋಡೆಯಲ್ಲಿ ಹುಡುಕಿದರೆ ಸಮಯ ಉಳಿಯುತ್ತದೆ. ನೋಡಿದ ಜಾಗಕ್ಕೆ ವಾಪಸ್ ಹೋಗಲು ಅಂಡರ್‌ಸ್ಕೋರ್ ಒತ್ತಿ, ಕರ್ಸರ್ ಇಟ್ಟು ಚುಕ್ಕೆ ಒತ್ತಿ. ಪಾತ್ರ ತಾನೇ ನಡೆದುಕೊಂಡು ಹೋಗುತ್ತದೆ, ಶತ್ರು ಕಂಡರೆ ನಿಲ್ಲುತ್ತದೆ.

ಜೊತೆಗೆ ಬಂದ ನಾಯಿಮರಿ ಅಥವಾ ಬೆಕ್ಕಿನ ಮರಿಯನ್ನು ಕಳೆದುಕೊಳ್ಳಬೇಡಿ. ಮೆಟ್ಟಿಲು ಇಳಿಯುವಾಗ ಅದು ನಿಮ್ಮ ಪಕ್ಕದ ಚೌಕದಲ್ಲೇ ಇರಬೇಕು, ಇಲ್ಲದಿದ್ದರೆ ಮೇಲೆಯೇ ಉಳಿಯುತ್ತದೆ. ಅದು ಶತ್ರುಗಳನ್ನು ಕಚ್ಚುವುದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ನೆಲದ ಮೇಲಿನ ವಸ್ತು ಶಾಪಗ್ರಸ್ತ ಆಗಿದ್ದರೆ ಸಾಕುಪ್ರಾಣಿ ಅದರ ಮೇಲೆ ಕಾಲಿಡಲು ಹಿಂಜರಿಯುತ್ತದೆ. ಕಾಲಿಟ್ಟರೂ "ರಿಲಕ್ಟಂಟ್ಲಿ" ಅನ್ನುವ ಪದ ಇರುವ ಸಂದೇಶ ಬರುತ್ತದೆ. ಆ ವಸ್ತುವನ್ನು ತೊಡಬೇಡಿ. ಶಾಪಗ್ರಸ್ತ ಕವಚ ಮೈಯಿಂದ ಬಿಚ್ಚಲು ಬರುವುದಿಲ್ಲ, ಶಾಪಗ್ರಸ್ತ ಆಯುಧ ಕೈಗೆ ಅಂಟುತ್ತದೆ.

ಮೊದಲ ಲೆವೆಲ್‌ನಲ್ಲಿ ಮೇಲಕ್ಕೆ ಹೋಗುವ ಮೆಟ್ಟಿಲು ಹತ್ತಬೇಡಿ. ಮತ್ತೆ ಮರಳಲಾಗದು ಅಂತ ಎಚ್ಚರಿಕೆ ಬರುತ್ತದೆ, ಅದಕ್ಕೆ ಹೌದು ಅಂದರೆ ಗುಹೆಯಿಂದ ಹೊರಬಂದು ಆಟವೇ ಮುಗಿಯುತ್ತದೆ.

## ಹಂತ 5: ಎಲ್ಲಿ ನಿಂತು ಹೊಡೆದಾಡಬೇಕು

ಕೋಣೆಯ ನಡುವೆ ನಿಂತರೆ ಎಂಟು ದಿಕ್ಕಿನಿಂದ ಏಟು. ಕಾರಿಡಾರ್ ಒಳಗೆ ಹಿಂದೆ ಸರಿದರೆ ಎದುರಿಗೆ ಒಬ್ಬನೇ. ನರಿ, ಇಲಿ, ಇರುವೆ ಗುಂಪಾಗಿ ಬಂದಾಗ ಮೊದಲ ಕೆಲಸ ಹೊಡೆಯುವುದಲ್ಲ, ಕಾರಿಡಾರ್‌ಗೆ ಹೋಗುವುದು. ಇನ್ನೊಂದು ಒಳ್ಳೆಯ ಜಾಗ ಮೆಟ್ಟಿಲು. ಮೆಟ್ಟಿಲ ಮೇಲೆ ನಿಂತು ಹೊಡೆದಾಡಿ, ಕಷ್ಟ ಆದರೆ ಲೆವೆಲ್ ಬದಲಿಸಿ. ಪಕ್ಕದಲ್ಲಿದ್ದವರು ಮಾತ್ರ ಹಿಂದೆ ಬರುತ್ತಾರೆ, ಉಳಿದವರು ಅಲ್ಲೇ ಉಳಿಯುತ್ತಾರೆ. ಹೀಗೆ ಗುಂಪನ್ನು ಒಡೆಯಬಹುದು.

ಎಚ್‌ಪಿಗೆ ಮೂರು ಗೆರೆ ಹಾಕಿಕೊಳ್ಳಿ. ಅರ್ಧಕ್ಕೆ ಇಳಿದರೆ ಕೀಬೋರ್ಡ್‌ನಿಂದ ಕೈ ತೆಗೆದು ಬ್ಯಾಗ್ ನೋಡಿ, ಸಣ್ಣ ಐ ಒತ್ತಿದರೆ ಪಟ್ಟಿ ಬರುತ್ತದೆ. ಮೂರನೇ ಒಂದು ಭಾಗಕ್ಕೆ ಇಳಿದರೆ "ಇನ್ನೊಂದು ಏಟಿಗೆ ಸಾಯುತ್ತಾನೆ" ಅನ್ನುವ ಲೆಕ್ಕ ಬಿಟ್ಟು ಅಲ್ಲಿಂದ ಹೊರಡಿ. ಏಳನೇ ಒಂದು ಭಾಗಕ್ಕೆ ಬಂದರೆ ಹಂತ 6. ನನಗೆ ಬರುವ ಸ್ಕ್ರೀನ್‌ಶಾಟ್‌ಗಳಲ್ಲಿ ಎರಡನೇ ಗೆರೆ ದಾಟಿ ಹೊಡೆಯುತ್ತಲೇ ಇದ್ದವರೇ ಜಾಸ್ತಿ.

ಓಡಲು ಜಾಗ ಇಲ್ಲದಿದ್ದರೆ ನೆಲದ ಮೇಲೆ ಎಲ್ಬೆರೆತ್ ಬರೆಯಿರಿ. ದೊಡ್ಡ ಇ ಒತ್ತಿ, ಬೆರಳಿನಿಂದ ಬರೆಯಲು ಅಡ್ಡಗೆರೆ ಕೀ ಒತ್ತಿ, ಇ ಎಲ್ ಬಿ ಇ ಆರ್ ಇ ಟಿ ಎಚ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಆ ಚೌಕದಲ್ಲಿ ನೀವು ನಿಂತಿರುವಷ್ಟು ಹೊತ್ತು ಹೆಚ್ಚಿನ ರಾಕ್ಷಸರು ಕೈಯಿಂದ ಹೊಡೆಯಲು ಹೆದರುತ್ತಾರೆ. ಇಲ್ಲಿ ಜನ ಎಡವುವುದು ಮೂರು ಕಡೆ. ಒಂದು, ಬರೆಯುವಾಗ ಕೆಲವೊಮ್ಮೆ ಅಕ್ಷರ ಕೆಡುತ್ತದೆ. ಬರೆದ ಮೇಲೆ ಕೋಲನ್ ಒತ್ತಿ ಓದಿ ನೋಡಿ, ತಪ್ಪಿದ್ದರೆ ಹಳೆಯದನ್ನು ಅಳಿಸಿ ಮತ್ತೆ ಬರೆಯಿರಿ. ಎರಡು, ಅದರ ಮೇಲೆ ನಿಂತು ನೀವು ಕತ್ತಿ ಬೀಸಿದರೆ ಬರಹ ಅಳಿಸಿಹೋಗುತ್ತದೆ. ಅದು ಸುಧಾರಿಸಿಕೊಳ್ಳುವ ಜಾಗ, ಹೊಡೆದಾಡುವ ಜಾಗ ಅಲ್ಲ. ರಾಕ್ಷಸರು ಹೆದರಿದಾಗಲೂ ಒಮ್ಮೊಮ್ಮೆ ತಾನಾಗಿ ಅಳಿಸುತ್ತದೆ, ಆದ್ದರಿಂದ ಆಗಾಗ ನೋಡುತ್ತಿರಿ. ಮೂರು, @ ಗುರುತಿನ ಮನುಷ್ಯರು ಮತ್ತು ಗೂಳಿತಲೆಯ ಮಿನೋಟಾರ್ ಇದಕ್ಕೆ ಹೆದರುವುದಿಲ್ಲ. ದೂರದಿಂದ ಎಸೆಯುವ ಬಾಣ, ಕಠಾರಿಗಳನ್ನೂ ಇದು ತಡೆಯುವುದಿಲ್ಲ.

## ಹಂತ 6: ಪ್ರಾರ್ಥನೆ

ಹ್ಯಾಶ್ ಗುರುತು ಹಾಕಿ ಪಿ ಆರ್ ಎ ವೈ ಟೈಪ್ ಮಾಡಿ ಎಂಟರ್ ಒತ್ತಿ. ಖಚಿತವೇ ಅಂತ ಕೇಳಿದರೆ ಹೌದು ಅನ್ನಿ. ಸರಿಯಾದ ಸಮಯದಲ್ಲಿ ಮಾಡಿದರೆ ಸುತ್ತ ಬೆಳಕು ಆವರಿಸಿತು ಅಂತ ಸಂದೇಶ ಬಂದು ಎಚ್‌ಪಿ ಪೂರ್ತಿ ತುಂಬುತ್ತದೆ. ಶುರುವಿನಲ್ಲಿ ನಿಮ್ಮ ಬಳಿ ಇರುವ ಅತಿ ದೊಡ್ಡ ಔಷಧಿ ಇದೇ. ಇದನ್ನು ಬಳಸದೆ ಸಾಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಯಮ ಇಷ್ಟು. ಮೊದಲ ಪ್ರಾರ್ಥನೆ ಟರ್ನ್ 300 ದಾಟಿದ ಮೇಲೆ. ಒಂದು ಪ್ರಾರ್ಥನೆಯಿಂದ ಇನ್ನೊಂದಕ್ಕೆ ಸುಮಾರು 1000 ಟರ್ನ್ ಬಿಡಿ. ಮಾಡಿದ ಟರ್ನ್ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಿ, ನೆನಪಿನ ಮೇಲೆ ಬಿಡಬೇಡಿ. ಜೊತೆಗೆ ನಿಜವಾದ ಕಷ್ಟ ಇರಬೇಕು. ಎಚ್‌ಪಿ ವಿಷಯದಲ್ಲಿ ಕಷ್ಟ ಅಂದರೆ 5 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ ಗರಿಷ್ಠದ ಏಳನೇ ಒಂದು ಭಾಗಕ್ಕಿಂತ ಕೆಳಗೆ. ಗರಿಷ್ಠ 16 ಇದ್ದಾಗ 5ಕ್ಕೆ ಮಾಡಬಹುದು, 70 ಇದ್ದಾಗ 9ಕ್ಕೆ. 70ರಲ್ಲಿ 20 ಉಳಿದಿರುವಾಗ ಹೆದರಿ ಪ್ರಾರ್ಥಿಸಿದರೆ ಅದು ಕಷ್ಟ ಅಂತ ಲೆಕ್ಕಕ್ಕೆ ಬರುವುದಿಲ್ಲ, ದೇವರು ಸಿಟ್ಟಾಗಬಹುದು. ಹಸಿವಿನಲ್ಲಿ "ವೀಕ್" ಅಂತ ಕೆಳಗೆ ಬಂದರೆ ಅದೂ ದೊಡ್ಡ ಕಷ್ಟವೇ. ಬರೀ "ಹಂಗ್ರಿ" ಅಂತ ಇದ್ದಾಗ ಕಾಯಿರಿ.

## ಹಂತ 7: ಊಟ

ಹೊಟ್ಟೆಯ ಲೆಕ್ಕ 900ರಿಂದ ಶುರುವಾಗಿ ಸಾಮಾನ್ಯವಾಗಿ ಟರ್ನ್‌ಗೆ ಒಂದರಂತೆ ಇಳಿಯುತ್ತದೆ. 150ಕ್ಕಿಂತ ಕೆಳಗೆ ಹೋದಾಗ ಹಂಗ್ರಿ, 50ಕ್ಕಿಂತ ಕೆಳಗೆ ವೀಕ್. ಅಂದರೆ ಏನೂ ತಿನ್ನದಿದ್ದರೆ 750 ಟರ್ನ್ ಆಸುಪಾಸಿಗೆ ಮೊದಲ ಎಚ್ಚರಿಕೆ ಬರುತ್ತದೆ.

ಕೊಂದ ಪ್ರಾಣಿಯನ್ನು ಆಗಲೇ ತಿನ್ನಿ, ಬ್ಯಾಗಿನಲ್ಲಿರುವ ಒಣ ಊಟ ಉಳಿಸಿ. ನೀವೇ ಕೊಂದದ್ದು, ಕೊಂದು 30 ಟರ್ನ್ ಒಳಗಿನದು, ಇಷ್ಟೇ ಲೆಕ್ಕ. ದಾರಿಯಲ್ಲಿ ಬಿದ್ದ ಹೆಣ, ಎಷ್ಟು ಹಳೆಯದು ಅಂತ ಗೊತ್ತಿಲ್ಲದ ಹೆಣ ಬೇಡವೇ ಬೇಡ. ಅದು ಹೊಟ್ಟೆ ಕೆಡಿಸುವುದಿಲ್ಲ, ಕೊಲ್ಲುತ್ತದೆ. ವಿಷ ಏರಿ "ಫುಡ್ ಪಾಯ್ಸನಿಂಗ್" ಅಂತ ಕೆಳಗೆ ಬಂದರೆ ಒಂದು ಟರ್ನ್ ಕೂಡ ಹಾಳುಮಾಡದೆ ಪ್ರಾರ್ಥಿಸಿ. ಲೈಕೆನ್ ಮತ್ತು ಹಲ್ಲಿಯ ಹೆಣ ಮಾತ್ರ ಕೆಡುವುದಿಲ್ಲ.

ಹೊಸದಾಗಿದ್ದರೂ ತಿನ್ನಬಾರದವು: ಕಾಕಟ್ರೈಸ್, ನಾಯಿ, ಬೆಕ್ಕು, ಬಾವಲಿ, ಕೋಬೋಲ್ಡ್, ಹೆಸರಿನಲ್ಲಿ ವೇರ್ ಇರುವವರು, ಮತ್ತು ನಿಮ್ಮ ಜನಾಂಗದವರೇ. ನೀವು ಡ್ವಾರ್ಫ್ ಆಗಿದ್ದರೆ ಡ್ವಾರ್ಫ್ ಹೆಣ ಮುಟ್ಟಬೇಡಿ.

ಹೊಟ್ಟೆ ತುಂಬಿದ ಮೇಲೂ ತಿಂದರೆ ಗಂಟಲಿಗೆ ಸಿಕ್ಕಿ ಸಾಯುತ್ತೀರಿ. "ಸ್ಯಾಶಿಯೇಟೆಡ್" ಅಂತ ಕಂಡರೆ ಊಟ ನಿಲ್ಲಿಸಿ. ತಿನ್ನುವ ನಡುವೆ ನಿಲ್ಲಿಸಲೇ ಅಂತ ಆಟ ಕೇಳಿದರೆ ಹೌದು ಅನ್ನಿ.

## ಹಂತ 8: ಗಣಿಗೆ ಇಳಿಯುವುದು

2, 3 ಅಥವಾ 4ನೇ ಲೆವೆಲ್‌ನಲ್ಲಿ ಇಳಿಯುವ ಮೆಟ್ಟಿಲು ಎರಡಿರುತ್ತವೆ. ಒಂದು ಮುಖ್ಯ ದಾರಿಗೆ, ಇನ್ನೊಂದು ನೋಮ್‌ಗಳ ಗಣಿಗೆ. ಇಳಿದ ಜಾಗದಲ್ಲಿ ಚೌಕಾಕಾರದ ಕೋಣೆಗಳಿಲ್ಲದೆ ಅಂಕುಡೊಂಕಾದ ಗುಹೆ ಕಂಡರೆ ಅದು ಗಣಿ.

ಡ್ವಾರ್ಫ್ ವಾಲ್ಕಿರಿ ಆಗಿದ್ದರೆ ಅನುಭವದ ಲೆವೆಲ್ ನಾಲ್ಕೈದು ಆದ ಮೇಲೆ ಹೋಗಿ. ಬೇರೆ ಜನಾಂಗದವರು ಹೋಗುವುದಾದರೆ ಮೆಟ್ಟಿಲ ಮೇಲೆಯೇ ನಿಂತು ಬರುವವರನ್ನು ಒಬ್ಬೊಬ್ಬರನ್ನಾಗಿ ಎದುರಿಸಿ. ಕೆಂಪು ಬಣ್ಣದ ಸಣ್ಣ ಎಚ್ ಡ್ವಾರ್ಫ್. ಅವನ ಕೈಯಲ್ಲಿ ಮ್ಯಾಟಕ್ (ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಗುದ್ದಲಿ) ಇದ್ದರೆ ಒಂದೇ ಏಟಿಗೆ 20ರವರೆಗೆ ಎಚ್‌ಪಿ ಹೋಗಬಹುದು. ಶುರುವಿನ ಪಾತ್ರಕ್ಕೆ ಅದು ಎಷ್ಟು ಅಂತ ಯೋಚಿಸಿ. ಸೆಮಿಕೋಲನ್ ಒತ್ತಿದರೆ ಅವನು ಯಾರು ಅಂತ ತಿಳಿಯುತ್ತದೆ, ಕೈಯಲ್ಲಿ ಏನಿದೆ ಅನ್ನುವುದು ಅವನು ಆಯುಧ ಹಿಡಿಯುವಾಗ ಬರುವ ಸಂದೇಶದಲ್ಲಿರುತ್ತದೆ. ಮೇಲಿನ ಸಾಲಿನ ಸಂದೇಶಗಳನ್ನು ಓದದೆ ದಾಟಿಸಬೇಡಿ.

ಶತ್ರು ಡ್ವಾರ್ಫ್ ಸತ್ತರೆ ಮಾತ್ರ ಒಳ್ಳೆಯ ಆಸ್ತಿ. ಕಬ್ಬಿಣದ ಟೋಪಿ, ಕಬ್ಬಿಣದ ಬೂಟು, ಪಿಕಾಸಿ, ಅದೃಷ್ಟ ಇದ್ದರೆ ಮಿತ್ರಿಲ್ ಕವಚ. ಕೆಳಗಿನ ಸಾಲಿನಲ್ಲಿರುವ ಎಸಿ, ಅಂದರೆ ರಕ್ಷಣೆಯ ಅಂಕಿ, ಕಡಿಮೆ ಆದಷ್ಟೂ ನೀವು ಸುರಕ್ಷಿತ. ವಾಲ್ಕಿರಿ 6ರಿಂದ ಶುರು ಮಾಡುತ್ತಾಳೆ. 3 ಅಥವಾ ಅದಕ್ಕಿಂತ ಕೆಳಗೆ ಬರುವವರೆಗೆ ಮುಖ್ಯ ದಾರಿಯಲ್ಲಿ ಆಳಕ್ಕೆ ಹೋಗಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗಣಿಯ 3 ಅಥವಾ 4ನೇ ಮಹಡಿಯಲ್ಲಿ ಮೈನ್‌ಟೌನ್ ಸಿಗುತ್ತದೆ. ಅಲ್ಲಿ ಅಂಗಡಿಗಳು, ಬಲಿಪೀಠ, ಪೂಜಾರಿ ಇರುತ್ತಾರೆ. ಊರಿಗೆ ಓರ್ಕ್‌ಗಳು (ಗುಂಪಾಗಿ ದಾಳಿ ಮಾಡುವ ರಾಕ್ಷಸರು) ನುಗ್ಗಿ ಹಾಳುಗೆಡವಿದ ರೂಪವೂ ಒಂದಿದೆ. ಅದು ಬಂದರೆ ಪೂಜಾರಿ, ಅಂಗಡಿಯವರು ಇರುವುದಿಲ್ಲ, ಓರ್ಕ್‌ಗಳ ಗುಂಪು ಇರುತ್ತದೆ. ಹಾಗಿದ್ದರೆ ವಾಪಸ್ ಬನ್ನಿ.

ಊರಲ್ಲಿ ಎರಡು ಕೆಲಸ. ಬ್ಯಾಗಿನ ವಸ್ತುಗಳನ್ನೆಲ್ಲ ಬಲಿಪೀಠದ ಮೇಲೆ ಕೆಳಗಿಡಿ. ಕಪ್ಪು ಮಿಂಚು ಬಂದದ್ದು ಶಾಪಗ್ರಸ್ತ, ಹೊನ್ನಿನ ಬಣ್ಣದ ಮಿಂಚು ಬಂದದ್ದು ಆಶೀರ್ವಾದ ಪಡೆದದ್ದು, ಏನೂ ಬರದಿದ್ದರೆ ಸಾಮಾನ್ಯ. ಆಮೇಲೆ ಪೂಜಾರಿಯ ಪಕ್ಕ ನಿಂತು ಹ್ಯಾಶ್ ಹಾಕಿ ಚಾಟ್ ಆಜ್ಞೆ ಕೊಡಿ. ಅನುಭವದ ಲೆವೆಲನ್ನು 400ರಿಂದ ಗುಣಿಸಿದಷ್ಟು ಚಿನ್ನ ಕೊಟ್ಟರೆ ಎಸಿ ಶಾಶ್ವತವಾಗಿ ಒಂದು ಇಳಿಯುತ್ತದೆ. ಲೆವೆಲ್ 3 ಆಗಿದ್ದರೆ 1200. ಲೆವೆಲ್ ಏರಿದಂತೆ ಬೆಲೆಯೂ ಏರುತ್ತದೆ, ಆದ್ದರಿಂದ ಚಿನ್ನ ಇದ್ದರೆ ಆಗಲೇ ಕೊಡಿ. ಕಡಿಮೆ ಕೊಟ್ಟರೆ ದುಡ್ಡು ಹೋಯಿತು, ಲಾಭ ಇಲ್ಲ.

ಊರಿನ ಕಾವಲುಗಾರರನ್ನು ಕೆಣಕಬೇಡಿ. ಬಾಗಿಲು ಒದ್ದು ಮುರಿಯುವುದು, ಕಾರಂಜಿಯ ನೀರಿಗೆ ಕೈ ಹಾಕುವುದು ಎರಡೂ ಅಲ್ಲಿ ಅಪರಾಧ. ಪಿಕಾಸಿ ಇದ್ದರೆ ಅಂಗಡಿಯವನು ಒಳಗೆ ಬಿಡುವುದಿಲ್ಲ, ಹೊರಗೆ ಇಟ್ಟು ಹೋಗಿ. ಅಂಗಡಿಯವನ ಜೊತೆ ಜಗಳಕ್ಕೆ ಹೋದವರು ಯಾರೂ ಈ ಹಂತದಲ್ಲಿ ಉಳಿಯುವುದಿಲ್ಲ.

## ಹಂತ 9: ಗೊತ್ತಿಲ್ಲದ ವಸ್ತುಗಳು

ಮಂತ್ರದಂಡ ಸಿಕ್ಕಿದರೆ ಯಾರ ಮೇಲೂ ಪ್ರಯೋಗಿಸುವ ಮೊದಲು ನೆಲದಲ್ಲಿ ಬರೆದು ಪರೀಕ್ಷಿಸಿ. ಮೊದಲು ಬೆರಳಿನಿಂದ ಏನಾದರೂ ಒಂದಕ್ಷರ ಬರೆಯಿರಿ. ಆಮೇಲೆ ದೊಡ್ಡ ಇ ಒತ್ತಿ ದಂಡದ ಅಕ್ಷರ ಒತ್ತಿ. ಬೆಂಕಿ, ಮಿಂಚು, ಅಗೆಯುವ ದಂಡಗಳ ಹೆಸರು ಆಗಲೇ ಗೊತ್ತಾಗುತ್ತದೆ. ನೆಲದ ಹುಳಗಳು ಅಲ್ಲಾಡುವುದು ನಿಂತಿತು ಅಂತ ಬಂದರೆ ಅದು ನಿದ್ದೆಯ ದಂಡ ಅಥವಾ ಸಾವಿನ ದಂಡ, ಎರಡೂ ಜೀವ ಉಳಿಸುವಂಥವು. ಅಗೆಯುವ ದಂಡ ಸಿಕ್ಕಿತು ಅಂದರೆ ಖುಷಿಪಡಿ. ಕೆಳಮುಖವಾಗಿ ಪ್ರಯೋಗಿಸಿದರೆ ಒಂದೇ ಟರ್ನ್‌ನಲ್ಲಿ ನೆಲ ತೂತಾಗಿ ಕೆಳಗಿನ ಲೆವೆಲ್‌ಗೆ ಬೀಳುತ್ತೀರಿ, ಬೆನ್ನತ್ತಿದವರಲ್ಲಿ ಹೆಚ್ಚಿನವರು ಮೇಲೆ ಉಳಿಯುತ್ತಾರೆ.

ಗೊತ್ತಿಲ್ಲದ ಸುರುಳಿಗಳನ್ನು ಎಚ್‌ಪಿ ತುಂಬಿರುವಾಗ, ಶತ್ರು ಇಲ್ಲದಾಗ, ಅಂಗಡಿಯ ಹೊರಗೆ ಓದಿ. ಸಾಯುವ ಹೊತ್ತಿಗೆ ಉಪಯೋಗಕ್ಕೆ ಬರಲಿ ಅಂತ ಓದದೆ ಇಟ್ಟುಕೊಂಡರೆ ಯಾವುದು ಏನು ಅಂತ ಗೊತ್ತಿಲ್ಲದೆ ಸಾಯುತ್ತೀರಿ. ಗೊತ್ತಿಲ್ಲದ ಮದ್ದು ಕುಡಿಯುವುದು, ಉಂಗುರ ಮತ್ತು ತಾಯಿತ ತೊಡುವುದು ಬೇಡ. ತಾಯಿತಗಳಲ್ಲಿ ಒಂದು ಕತ್ತು ಹಿಸುಕಿ ಕೊಲ್ಲುತ್ತದೆ.

## ಹಂತ 10: ಐದರಿಂದ ಹತ್ತನೇ ಲೆವೆಲ್

ಇಲ್ಲಿ ಹೊಸ ಶತ್ರುಗಳಲ್ಲಿ ಇಬ್ಬರನ್ನು ತಿಳಿದಿರಲೇಬೇಕು.

ನೀಲಿ ಸಣ್ಣ ಎ ಸೋಲ್ಜರ್ ಆ್ಯಂಟ್. ನಿಮ್ಮ ವೇಗ 12, ಅದರದ್ದು 18. ನೀವು ಎರಡು ಸಲ ಚಲಿಸುವಷ್ಟರಲ್ಲಿ ಅದು ಮೂರು ಸಲ ಚಲಿಸುತ್ತದೆ, ಪ್ರತಿ ಸಲ ಕಚ್ಚುವುದೂ ಚುಚ್ಚುವುದೂ ಎರಡೂ. ಓಡಿದರೆ ಬೆನ್ನಿಗೆ ಏಟು ಅಷ್ಟೇ. ಕಾರಿಡಾರ್ ಸೇರಿ ಅಥವಾ ಮೆಟ್ಟಿಲ ಮೇಲೆ ನಿಂತು ಹೊಡೆಯಿರಿ, ಎಚ್‌ಪಿ ಮೂರನೇ ಒಂದಕ್ಕೆ ಬಂದರೆ ಎಲ್ಬೆರೆತ್.

ಕಾಕಟ್ರೈಸ್ ಅನ್ನು ಕೈಯಲ್ಲಿ ಕತ್ತಿ ಇದ್ದರೆ ಹೊಡೆಯಬಹುದು, ದೂರದಿಂದ ಕಠಾರಿ ಎಸೆದರೆ ಇನ್ನೂ ಒಳ್ಳೆಯದು. ಅದರ ಬುಸುಗುಟ್ಟುವಿಕೆಯ ನಂತರ ನೀವು ನಿಧಾನವಾಗುತ್ತಿದ್ದೀರಿ, ಕೈಕಾಲು ಸೆಟೆಯುತ್ತಿದೆ ಅನ್ನುವ ಅರ್ಥದ ಸಂದೇಶ ಬಂದರೆ ಕಲ್ಲಾಗುತ್ತಿದ್ದೀರಿ ಅಂತ. ಉಳಿದಿರುವುದು ಕೆಲವೇ ಟರ್ನ್. ಹಲ್ಲಿಯ ಹೆಣ ಅಥವಾ ಆ್ಯಸಿಡ್ ಬ್ಲಾಬ್ ಹೆಣ ಇದ್ದರೆ ತಿನ್ನಿ, ಇಲ್ಲದಿದ್ದರೆ ಆಗಲೇ ಪ್ರಾರ್ಥಿಸಿ. ಇನ್ನೊಂದು ಏಟು ಹೊಡೆದು ನೋಡುತ್ತೇನೆ ಅನ್ನಬೇಡಿ.

ಅನುಭವದ ಲೆವೆಲ್ 5 ಮುಟ್ಟಿದ ಡ್ವಾರ್ಫ್ ವಾಲ್ಕಿರಿಗೆ ಒಂದು ದೊಡ್ಡ ಅವಕಾಶ ಇದೆ. ಊರಿನ ಹೊರಗಿನ, ಮುಖ್ಯ ದಾರಿಯ ಯಾವುದಾದರೂ ಕಾರಂಜಿಯ ಮೇಲೆ ನಿಂತು ಹ್ಯಾಶ್ ಹಾಕಿ ಡಿಪ್ ಆಜ್ಞೆಯಿಂದ ಉದ್ದ ಕತ್ತಿಯನ್ನು ಅದ್ದಿ. ಪ್ರತಿ ಸಲಕ್ಕೂ ಆರರಲ್ಲಿ ಒಂದು ಸಾಧ್ಯತೆ, ಕತ್ತಿ ಎಕ್ಸ್‌ಕ್ಯಾಲಿಬರ್ ಅನ್ನುವ ಬಹಳ ಶಕ್ತಿಯ ಕತ್ತಿ ಆಗುತ್ತದೆ. ನಡುವೆ ತುಕ್ಕು ಹಿಡಿದರೆ ಚಿಂತೆ ಬೇಡ, ಎಕ್ಸ್‌ಕ್ಯಾಲಿಬರ್ ಆದಾಗ ತುಕ್ಕು ಹೋಗುತ್ತದೆ. ಆದರೆ ಕಾರಂಜಿಯಿಂದ ನೀರುಹಾವುಗಳು, ವಸ್ತು ಕದಿಯುವ ನಿಂಫ್, ಕೆಲವೊಮ್ಮೆ ನೀರಿನ ಭೂತವೂ ಬರುತ್ತದೆ. ಎಚ್‌ಪಿ ತುಂಬಿರಬೇಕು, ಪ್ರಾರ್ಥನೆಯ ಗಡುವು ಮುಗಿದಿರಬೇಕು, ಮೆಟ್ಟಿಲು ಎಲ್ಲಿದೆ ಅಂತ ಗೊತ್ತಿರಬೇಕು. ಈ ಮೂರೂ ಇಲ್ಲದೆ ಅದ್ದಬೇಡಿ.

## ಸತ್ತ ಮೇಲೆ

ಗೋರಿಕಲ್ಲು ಬರುವ ಮೊದಲು ನಿಮ್ಮ ವಸ್ತುಗಳನ್ನು ಗುರುತಿಸಿ ತೋರಿಸಲೇ ಅಂತ ಆಟ ಕೇಳುತ್ತದೆ. ಬೇಜಾರಿನಲ್ಲಿ ಎಸ್ಕೇಪ್ ಒತ್ತಬೇಡಿ, ಹೌದು ಅನ್ನಿ. ಬ್ಯಾಗಿನಲ್ಲಿದ್ದ ಗೊತ್ತಿಲ್ಲದ ದಂಡ ನಿದ್ದೆಯದ್ದಾಗಿತ್ತು, ಆ ಸುರುಳಿ ಟೆಲಿಪೋರ್ಟ್ ಆಗಿತ್ತು ಅಂತ ಆಗ ಕಾಣುತ್ತದೆ. ಆ ಪಟ್ಟಿಯ ಫೋಟೋ ತೆಗೆದಿಡಿ, ಸತ್ತ ಟರ್ನ್, ಕೊನೆಯ ಪ್ರಾರ್ಥನೆಯ ಟರ್ನ್, ಎಚ್‌ಪಿ ಅರ್ಧಕ್ಕೆ ಇಳಿದಾಗ ನೀವು ಎಲ್ಲಿ ನಿಂತಿದ್ದಿರಿ ಅನ್ನುವುದನ್ನು ಬರೆದುಕೊಳ್ಳಿ. ನನಗೆ ಮೆಸೇಜ್ ಮಾಡುವವರು ಗೋರಿಕಲ್ಲಿನ ಚಿತ್ರದ ಬದಲು ಇದನ್ನು ಕಳಿಸಿ, ಎಲ್ಲಿ ತಪ್ಪಿತು ಅಂತ ಹೇಳುವುದು ಸುಲಭ ಆಗುತ್ತದೆ.